ಉಪ್ಪಿನ ಡಬ್ಬಿಗೆ ಬೀಗ

ಬೆಂಗಳೂರಿನ ಆ ಮನೆಯ ಅಡುಗೆಮನೆಯಲ್ಲಿ ಎರಡು ಒಲೆ. ಗ್ಯಾಸ್ ಒಲೆ ಅಮ್ಮನದು. ಮೂಲೆಯ ಇಂಡಕ್ಷನ್ ಒಲೆ ಇಪ್ಪತ್ತಮೂರರ ಮಗನದು. ಅವನ ಕುಕ್ಕರ್ ಬೇರೆ, ಬೇಳೆ ಬೇರೆ, ಉಪ್ಪಿನ ಡಬ್ಬಿಯೂ ಬೇರೆ. ಆ ಡಬ್ಬಿಗೊಂದು ಬೀಗ! ಉಪ್ಪಿಗೆ ಬೀಗ ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ತಪ್ಪು ನನ್ನದೇ ಕಣ್ರೀ" ಎಂದರು ಅಮ್ಮ. ಮಗನಿಗೆ ಸ್ಕಿಜೋಫ್ರೇನಿಯ ಎಂದು ವೈದ್ಯರು ಹೇಳಿದ್ದರು. "ನನಗೇನಾಗಿದೆ? ಬೇಕಾದ್ರೆ ನೀನೇ ಹೋಗಿ ತೋರಿಸ್ಕೋ" ಎಂದು ಮಗ ಮಾತ್ರೆ ಎಸೆದ. ಅಮ್ಮ ಹನಿ ಔಷಧಿ ತಂದು ಹುಳಿಗೆ ಬೆರೆಸತೊಡಗಿದರು. ನಾಲ್ಕು ತಿಂಗಳ ಮೇಲೆ ಫ್ರಿಜ್ ಹಿಂದಿದ್ದ ಸೀಸೆ ಅವನ ಕೈಗೆ ಸಿಕ್ಕಿತು. ಅಮ್ಮ ಊಟಕ್ಕೆ ವಿಷ ಹಾಕುತ್ತಾಳೆ ಎಂಬುದು ಅವನ ಹಳೆಯ ಗುಮಾನಿ. ಅದಕ್ಕೀಗ ಸಾಕ್ಷಿಯೂ ಸಿಕ್ಕಂತಾಯಿತು.

ಇಂಥ ಮನೆಯವರು ಕೂಡುವ ಸಭೆಯೊಂದಕ್ಕೂ ಹೋಗಿದ್ದೆ. ಕಾಫಿಯಲ್ಲಿ ಔಷಧಿಯ ಕಹಿ ಮರೆಯಾಗುತ್ತದೆಂದು ಒಬ್ಬರು, ಮಜ್ಜಿಗೆಯೇ ವಾಸಿ ಎಂದು ಇನ್ನೊಬ್ಬರು. "ಮುದ್ದೆ ಒಳಗಿಡಿ, ಅಗಿಯೋ ಹಾಗೇ ಇಲ್ಲವಲ್ಲ" ಎಂದರು ಮಂಡ್ಯ ಕಡೆಯ ಅಪ್ಪ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು.

ಕಾಯಿಲೆಯೇ ಇಲ್ಲ ಎನ್ನುವುದು ಯಾವಾಗಲೂ ಹಟವಲ್ಲ. ಕೈಕಾಲು ಸ್ವಾಧೀನ ತಪ್ಪಿದ್ದರೂ ಅದರ ಅರಿವೇ ಇರದ ರೋಗಿಗಳನ್ನು ಕಂಡು, ಫ್ರಾನ್ಸಿನ ನರವೈದ್ಯ ಬಾಬಿನ್‌ಸ್ಕಿ 1914ರಲ್ಲಿ ಅದಕ್ಕೆ 'ಅನೊಸೊಗ್ನೋಸಿಯ' ಎಂದು ಹೆಸರಿಟ್ಟ. ಸ್ಕಿಜೋಫ್ರೇನಿಯದಲ್ಲೂ ಹಲವರಿಗೆ ಇಂಥದೇ ಅರಿವಿನ ಕೊರತೆ. ಅಲ್ಲಿ ವಾದ ಗೆದ್ದು ಪ್ರಯೋಜನವಿಲ್ಲ. ಅಣ್ಣನ ಸ್ಕಿಜೋಫ್ರೇನಿಯವನ್ನು ಮನೆಯಲ್ಲೇ ಕಂಡ ಅಮೆರಿಕದ ಮನಶ್ಶಾಸ್ತ್ರಜ್ಞ ಜೇವಿಯರ್ ಅಮಡೋರ್ ಹೇಳುವುದೂ ಅದನ್ನೇ: ಮೊದಲು ಕೇಳಿಸಿಕೊಳ್ಳಿ, ಒಪ್ಪಬಹುದಾದಷ್ಟನ್ನು ಒಪ್ಪಿ. ಅವರು ಅದಕ್ಕೆ 'ಲೀಪ್' ಎಂಬ ಸೂತ್ರ ಕಟ್ಟಿದ್ದಾರೆ. ಅಮೆರಿಕದವರಿಗೆ ಎಲ್ಲಕ್ಕೂ ಒಂದು ಸೂತ್ರ ಬೇಕು. ಮಾತು ಮಾತ್ರ ಸರಿಯಾದದ್ದೇ.

ಒಪ್ಪದ ಮಗನನ್ನು ಆಸ್ಪತ್ರೆಗೆ ಸೇರಿಸಲು ಹೆತ್ತವರ ಸಹಿಯೊಂದೇ ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಹದಿನೆಂಟು ದಾಟಿದವರು ತಮ್ಮ ಪ್ರತಿನಿಧಿಯನ್ನು ಬರಿಯ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ನೇಮಿಸಬಹುದು. ಅದು ಅಪ್ಪ ಅಮ್ಮನೇ ಆಗಬೇಕಿಲ್ಲ, ಗೆಳೆಯನೂ ಆದೀತು. ಒಪ್ಪದವರನ್ನು ದಾಖಲಿಸಲು ಪ್ರತಿನಿಧಿಯ ಅರ್ಜಿ ಬೇಕು, ಮನೋವೈದ್ಯರೊಬ್ಬರು ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ತನಗೋ ಪರರಿಗೋ ಅಪಾಯವಿರಬೇಕು, ಇಲ್ಲವೇ ತನ್ನನ್ನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಅದೂ ಮೊದಲಿಗೆ 30 ದಿನದ ಮಿತಿಯಲ್ಲಿ. ಹೆತ್ತವರು ಈ ಕಾಯ್ದೆಯನ್ನು ಬೈಯುತ್ತಾರೆ. ಬೀಗ ಹಾಕಿದ ಡಬ್ಬಿ ನೋಡಿ ಬಂದ ನನಗೆ ಬೈಯಲು ಬಾಯಿ ಬರಲಿಲ್ಲ.

ಕೊನೆಗೆ ಮಗ ಹೇಳಿದಂತೆಯೇ ಮಾಡಿದರು ಆ ಅಮ್ಮ. ತಾವೇ ಆಪ್ತಸಮಾಲೋಚಕರ ಬಳಿಗೆ ಹೋದರು. ಮನೆಯವರಿಗೂ ನೆರವು ಬೇಕೆಂಬುದು ಹೊಸ ಮಾತಲ್ಲ: 1950ರ ದಶಕದಲ್ಲೇ ಅಮೃತಸರದ ಮನೋವೈದ್ಯ ಡಾ. ವಿದ್ಯಾಸಾಗರ್ ಆಸ್ಪತ್ರೆ ಅಂಗಳದಲ್ಲಿ ಡೇರೆ ಹಾಕಿಸಿ, ಮನೆಯವರನ್ನೂ ರೋಗಿಯ ಜೊತೆ ಉಳಿಸಿಕೊಂಡಿದ್ದರು. ಈಗ ಈ ಮನೆಯಲ್ಲಿ ಕಾಯಿಲೆಯ ಮಾತಿಲ್ಲ. "ರಾತ್ರಿ ನಿದ್ದೆ ಬಂತೇನೋ?" ಎಂದಷ್ಟೇ ಅಮ್ಮ ಕೇಳುತ್ತಾರೆ. ಹೋದ ತಿಂಗಳು ಮಗ ನಿದ್ದೆಗೆಂದು ಒಬ್ಬನೇ ಡಾಕ್ಟರ ಬಳಿ ಹೋಗಿ ಬಂದ. ಡಬ್ಬಿಯ ಬೀಗ ಇನ್ನೂ ಇದೆ.

ಮಗನೋ ಮಗಳೋ ಬರಲೊಪ್ಪದಿದ್ದರೆ ನೀವಾದರೂ ಕರೆ ಮಾಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.