ಶಾಲಾಮಕ್ಕಳ ಮೈದದ್ದು ಮತ್ತು ಕಂಬಳಿಹುಳು

ಒಂದೇ ತರಗತಿಯ ನಾಲ್ಕಾರು ಮಕ್ಕಳು ಒಂದೇ ದಿನ ಮೈ ಕೆರೆದುಕೊಳ್ಳುತ್ತ ಮನೆಗೆ ಮರಳಿದರೆ ತಾಯಂದಿರು ಗಾಬರಿಗೊಳ್ಳುವುದು ಸಹಜ. ಕುತ್ತಿಗೆ, ತೋಳು, ಹೊಟ್ಟೆಗಳ ಮೇಲೆ ಕೆಂಪು ಗಂಧೆಗಳು, ತಡೆಯಲಾರದ ನವೆ. ಸೀತಾಳೆ ಸಿಡುಬೋ ಕಜ್ಜಿಯೋ ಎಂಬ ಶಂಕೆ ಮೂಡುತ್ತದೆ. ನೆರೆಯವರು ತಮ್ಮ ಮಕ್ಕಳನ್ನು ದೂರ ಕರೆದುಕೊಳ್ಳುತ್ತಾರೆ. ಆದರೆ ಇಂತಹ ದದ್ದಿನ ಮೂಲ ಕೆಲವೊಮ್ಮೆ ಆಟದ ಬಯಲಿನ ಮರದಲ್ಲಿರುತ್ತದೆ.

ಕನ್ನಡಿಗರಿಗೆ ಕಂಬಳಿಹುಳು ಹೊಸದಲ್ಲ. ಮಳೆಗಾಲದಲ್ಲಿ ನುಗ್ಗೆಯ ಕಾಂಡಕ್ಕೆ ಕಂಬಳಿ ಹೊದಿಸಿದಂತೆ ಈ ಹುಳುಗಳು ಗುಂಪುಗಟ್ಟಿರುತ್ತವೆ. ಊರಿನಲ್ಲಿ ಹಿರಿಯರು ಮಕ್ಕಳನ್ನು ಆ ಮರದ ಬಳಿ ಸುಳಿಯಗೊಡುತ್ತಿರಲಿಲ್ಲ. ಮಹಾನಗರದ ಮಕ್ಕಳಿಗಾದರೋ ಸಾರಿನಲ್ಲಿನ ನುಗ್ಗೇಕಾಯಿಯಷ್ಟೇ ಪರಿಚಿತ.

ಹುಳುವಿನ ಸೂಕ್ಷ್ಮ ರೋಮಗಳು ಮುರಿದು ಚರ್ಮದಲ್ಲಿ ನಾಟಿಕೊಂಡು ಉರಿಯೂತವನ್ನುಂಟುಮಾಡುತ್ತವೆ. ಕೆಲವು ಜಾತಿಗಳ ರೋಮಗಳಲ್ಲಿ ವಿಷವೂ ಉಂಟು. ಹುಳುವನ್ನು ಮುಟ್ಟಲೇಬೇಕೆಂದಿಲ್ಲ, ಕಳಚಿದ ಪೊರೆ, ಗೂಡು, ಗಾಳಿಯಲ್ಲಿ ತೇಲಿಬಂದ ರೋಮ ಇವೂ ಸಾಕು. 2011ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಹಿಲ್ಸ್‌ಬರೋ ಕೌಂಟಿಯ ಶಿಶುಪಾಲನಾ ಕೇಂದ್ರಗಳ ಮಕ್ಕಳಲ್ಲಿ ಕಂಡ ದದ್ದಿಗೂ ಕಂಬಳಿಹುಳುಗಳೇ ಕಾರಣವೆಂದು ಆರೋಗ್ಯಾಧಿಕಾರಿಗಳು ಗುರುತಿಸಿದರು.

ಈ ದದ್ದು ಸಾಂಕ್ರಾಮಿಕವಲ್ಲ. ರೋಮ ಅಂಟಿದ ಬಟ್ಟೆಯಿಂದ ಮಾತ್ರ ಇತರರಿಗೂ ನವೆಯಾದೀತು. ಆದರೆ ಜ್ವರವಿದ್ದು ನೀರುಗುಳ್ಳೆಗಳೆದ್ದರೆ ಬೇರೆ ಕಾಯಿಲೆಯಿರಬಹುದಾದುದರಿಂದ ವೈದ್ಯರಿಗೆ ತೋರಿಸಬೇಕು.

ಪ್ರಥಮ ಚಿಕಿತ್ಸೆ ಸರಳವಾದುದು. ಚರ್ಮವನ್ನು ಉಜ್ಜಬಾರದು, ಕೆರೆಯಬಾರದು. ಉಜ್ಜಿದಷ್ಟೂ ರೋಮಗಳು ಆಳಕ್ಕಿಳಿಯುತ್ತವೆ. ಮಕ್ಕಳ ಪುಸ್ತಕಕ್ಕೆ ಹಚ್ಚುವ ಸೆಲ್ಲೋಟೇಪನ್ನು ಆ ಜಾಗಕ್ಕೆ ಮೆಲ್ಲನೆ ಅಂಟಿಸಿ ಕಿತ್ತರೆ ರೋಮಗಳು ಅದರೊಡನೆ ಬರುತ್ತವೆ. ಪ್ರತಿ ಸಲವೂ ಹೊಸ ತುಂಡನ್ನು ಬಳಸಬೇಕು. ಅನಂತರ ಸಾಬೂನು ನೀರಿನಿಂದ ತೊಳೆದು ತಣ್ಣೀರಿನ ಪಟ್ಟಿಯನ್ನೋ ಕ್ಯಾಲಮೈನ್ ಲೇಪವನ್ನೋ ಹಚ್ಚಬಹುದು. ತೊಟ್ಟ ಬಟ್ಟೆಯನ್ನು ಕೂಡಲೇ ಬದಲಿಸಿ ಪ್ರತ್ಯೇಕವಾಗಿ ಒಗೆಯಬೇಕು. ನವೆ ಹೆಚ್ಚಾದರೆ ವೈದ್ಯರು ಸೂಕ್ತ ಮಾತ್ರೆ ಕೊಡುವರು. ರೋಮ ಕಣ್ಣಿಗೆ ತಗಲಿದರೆ ತಿಕ್ಕದೆ ಧಾರಾಳವಾಗಿ ನೀರೆರೆದು ನೇತ್ರವೈದ್ಯರ ಬಳಿಗೆ ಹೋಗಬೇಕು. ಮುಖ, ತುಟಿಗಳು ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕಾಗಿ ಮರವನ್ನು ಕಡಿಯಬೇಕಾಗಿಲ್ಲ. ಮಳೆಗಾಲದಲ್ಲಿ ಶಾಲೆಯವರೂ ವಸತಿ ಸಂಘದವರೂ ಆವರಣದ ಮರಗಳನ್ನು ಆಗಾಗ ಪರೀಕ್ಷಿಸಿ, ಹುಳುಗಳು ತೆರವಾಗುವವರೆಗೆ ಮಕ್ಕಳನ್ನು ಬೇರೆಡೆ ಆಡಿಸಿದರೆ ಸಾಕು. ಹಲವು ಮಕ್ಕಳಿಗೆ ಒಮ್ಮೆಗೇ ನವೆ ಕಂಡಾಗ, ಅವರನ್ನು ರೋಗಿಗಳೆಂದು ದೂರವಿಡುವ ಮುನ್ನ, ಅವರು ಎಲ್ಲಿ ಆಡಿದರೆಂದು ಕೇಳಿ ತಿಳಿಯುವುದು ಹಿರಿಯರ ಮೊದಲ ಕರ್ತವ್ಯ.