ಕಿರ್ದಿಯಿಂದ ಖತಾವಣಿಗೆ: ಜೋಡಿ ಅಂಕಿಗಳ ಕಥೆ

ಕಿರಾಣಿ ಅಂಗಡಿಯಲ್ಲಿ ಎರಡು ಬಗೆಯ ಪುಸ್ತಕಗಳನ್ನು ಇಡುವ ಪದ್ಧತಿ ನಮ್ಮ ಹಿರಿಯರಿಗೆಲ್ಲ ಗೊತ್ತು. ಒಂದು ಕಿರ್ದಿ. ಅದರಲ್ಲಿ ದಿನದ ವ್ಯವಹಾರವನ್ನು ನಡೆದ ನಡೆದಂತೆ ಒಂದರ ಕೆಳಗೊಂದು ಬರೆಯುತ್ತಾರೆ. ಇನ್ನೊಂದು ಖತಾವಣಿ. ಅಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಒಂದು ಬದಿಗೆ ಅವನು ಒಯ್ದದ್ದು, ಇನ್ನೊಂದು ಬದಿಗೆ ಅವನು ಕೊಟ್ಟದ್ದು. ಎರಡು ಪುಸ್ತಕಗಳಲ್ಲಿಯೂ ಇರುವ ಅಂಕಿಗಳು ಅವೇ. ಆದರೂ ‘ಇವನಿಂದ ಎಷ್ಟು ಬರಬೇಕು?’ ಎಂದು ಕೇಳಿದರೆ ಕಿರ್ದಿ ಥಟ್ಟನೆ ಉತ್ತರ ಕೊಡಲಾರದು, ಖತಾವಣಿ ಕೊಡುತ್ತದೆ. ಗಣಕಯಂತ್ರದಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕ ಮಾಡುವವರೂ ಆಗಾಗ ಈ ಕಿರ್ದಿಯನ್ನು ಖತಾವಣಿ ಮಾಡುವ ಕೆಲಸವನ್ನೇ ಮಾಡಬೇಕಾಗುತ್ತದೆ. ಅದು ಹೇಗೆ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ನಿಜವಾದ ಒಂದು ಉದಾಹರಣೆಯಿಂದ ನೋಡೋಣ.

‘ಆರ್’ ಎಂಬುದು ಸಂಖ್ಯಾಶಾಸ್ತ್ರಕ್ಕಾಗಿಯೇ ಹುಟ್ಟಿದ ಒಂದು ಗಣಕಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಇದನ್ನು ರಚಿಸಿದರು. ಯಾರು ಬೇಕಾದರೂ ಹಣ ಕೊಡದೆ ಇದನ್ನು ಪಡೆಯಬಹುದು. ಅಭ್ಯಾಸಕ್ಕೆಂದು ಕೆಲವು ಅಂಕಿಪಟ್ಟಿಗಳೂ ಇದರ ಜೊತೆಯಲ್ಲಿಯೇ ಬರುತ್ತವೆ. ಅವುಗಳಲ್ಲೊಂದರ ಹೆಸರು ‘ಸ್ಲೀಪ್’, ಎಂದರೆ ನಿದ್ರೆ.

ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಎಂಬಲ್ಲಿನ ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ನಿದ್ರೆಯ ಔಷಧಿಗಳನ್ನು ಕೊಟ್ಟು, ಔಷಧಿಯಿಲ್ಲದ ರಾತ್ರಿಗಳಿಗಿಂತ ಎಷ್ಟು ಗಂಟೆ ಹೆಚ್ಚು ನಿದ್ರಿಸಿದರೆಂದು ಅಳೆದ ಲೆಕ್ಕವನ್ನು ಕುಶ್ನಿ ಮತ್ತು ಪೀಬಲ್ಸ್ ಎಂಬ ವಿಜ್ಞಾನಿಗಳು 1905ರಲ್ಲಿ ಪ್ರಕಟಿಸಿದರು. ಅದರಿಂದ ಹತ್ತು ಮಂದಿಯ ಅಂಕಿಗಳನ್ನು ಆರಿಸಿಕೊಂಡು 1908ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದವರು ಗಾಸೆಟ್. ಅವರು ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಲೇಖನಕ್ಕೆ ಇಟ್ಟುಕೊಂಡ ಕಾವ್ಯನಾಮ ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ! ಔಷಧಿಗಳ ಹೆಸರನ್ನು ಅವರು ತಪ್ಪಾಗಿ ಬರೆದುಕೊಂಡಿದ್ದರೆಂಬುದು ಮುಂದೆ ಬೆಳಕಿಗೆ ಬಂತು. ಆದ್ದರಿಂದ ನಾವು ಇಲ್ಲಿ ‘ಮೊದಲನೆಯದು’, ‘ಎರಡನೆಯದು’ ಎಂದಷ್ಟೇ ಹೇಳುತ್ತೇವೆ.

ಆರ್ ಭಾಷೆಯಲ್ಲಿ ಈ ಪಟ್ಟಿ ಕಿರ್ದಿಯ ರೂಪದಲ್ಲಿದೆ. ಒಟ್ಟು 20 ಸಾಲು, ಮೂರು ಕಂಬಸಾಲು: ಹೆಚ್ಚು ನಿದ್ರೆಯ ಗಂಟೆ, ಔಷಧಿಯ ಸಂಖ್ಯೆ, ರೋಗಿಯ ಸಂಖ್ಯೆ. ಮೊದಲ ಹತ್ತು ಸಾಲು ಮೊದಲ ಔಷಧಿಯವು, ಮುಂದಿನ ಹತ್ತು ಎರಡನೆಯದರವು. ಒಬ್ಬನೇ ರೋಗಿ ಎರಡು ಕಡೆ ಬರುತ್ತಾನೆ. ಔಷಧಿಯ ಕಂಬಸಾಲಿಗೆ ‘ಗ್ರೂಪ್’ ಎಂದು ಹೆಸರಿಟ್ಟಿರುವುದರಿಂದ ಇವು ಎರಡು ಬೇರೆ ಬೇರೆ ಗುಂಪಿನ ಜನರೆಂದು ತಿಳಿಯುವ ಅಪಾಯವುಂಟು. ಆರ್‌ನ ಸಹಾಯಪುಟದಲ್ಲಿಯೇ ಈ ಎಚ್ಚರಿಕೆ ಇದೆ.

ಇದನ್ನು ಖತಾವಣಿ ಮಾಡಲು ‘ರೀಶೇಪ್’ ಎಂಬ ಆಜ್ಞೆ ಇದೆ. ಅದಕ್ಕೆ ನಾವು ನಾಲ್ಕು ಮಾತು ಹೇಳಬೇಕು: ಯಾವ ಪಟ್ಟಿ, ಉದ್ದದ್ದನ್ನು ಅಗಲ ಮಾಡಬೇಕೋ, ಅಗಲವಾದದ್ದನ್ನು ಉದ್ದ ಮಾಡಬೇಕೋ, ವ್ಯಕ್ತಿಯನ್ನು ಗುರುತಿಸುವ ಕಂಬಸಾಲು ಯಾವುದು, ಯಾವ ಕಂಬಸಾಲಿನ ಆಧಾರದಿಂದ ಅಂಕಿಗಳನ್ನು ಪಕ್ಕಪಕ್ಕಕ್ಕೆ ಇಡಬೇಕು. ಇಲ್ಲಿ ಗುರುತು ರೋಗಿಯ ಸಂಖ್ಯೆ, ಪಕ್ಕಕ್ಕೆ ಹಂಚುವ ಆಧಾರ ಔಷಧಿಯ ಸಂಖ್ಯೆ. ಕ್ಷಣಮಾತ್ರದಲ್ಲಿ 20 ಸಾಲು 10 ಆಗುತ್ತವೆ. ವ್ಯತ್ಯಾಸದ ಕಂಬಸಾಲನ್ನು ಮಾತ್ರ ನಾವು ಸೇರಿಸಿದ್ದೇವೆ:

ರೋಗಿ | ಮೊದಲನೆಯದು | ಎರಡನೆಯದು | ವ್ಯತ್ಯಾಸ
1 | 0.7 | 1.9 | 1.2
2 | -1.6 | 0.8 | 2.4
3 | -0.2 | 1.1 | 1.3
4 | -1.2 | 0.1 | 1.3
5 | -0.1 | -0.1 | 0.0
6 | 3.4 | 4.4 | 1.0
7 | 3.7 | 5.5 | 1.8
8 | 0.8 | 1.6 | 0.8
9 | 0.0 | 4.6 | 4.6
10 | 2.0 | 3.4 | 1.4

ಕೊನೆಯ ಕಂಬಸಾಲನ್ನೊಮ್ಮೆ ಮೇಲಿನಿಂದ ಕೆಳಗೆ ಓದಿರಿ. ಐದನೆಯವನಿಗೆ ಎರಡೂ ಸಮ. ಉಳಿದ ಒಂಬತ್ತು ಮಂದಿಗೂ ಎರಡನೆಯ ಔಷಧಿಯೇ ಹೆಚ್ಚು ನಿದ್ರೆ ತಂದಿದೆ. ಸರಾಸರಿ 1.58 ಗಂಟೆ, ಅಂದರೆ ಸುಮಾರು ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಉದ್ದದ ಪಟ್ಟಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದು ಇಷ್ಟು ಸುಲಭವಾಗಿ ಕಾಣದು.

ಜೋಡಿಯನ್ನು ಮರೆತು, ಇಪ್ಪತ್ತು ಬೇರೆ ಬೇರೆ ಜನರೆಂಬಂತೆ ಪರೀಕ್ಷಿಸಿದರೆ ಏನಾಗುತ್ತದೆ? ಎರಡು ಔಷಧಿಗಳಲ್ಲಿ ನಿಜವಾಗಿ ಭೇದವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಂಭವ ಸಾವಿರಕ್ಕೆ ಸುಮಾರು 79 ಎಂದು ಲೆಕ್ಕ ಹೇಳುತ್ತದೆ. ಸಾವಿರಕ್ಕೆ 50ಕ್ಕಿಂತ ಕಡಿಮೆ ಇದ್ದರೆ ಮಾತ್ರ ನಂಬುವುದು ರೂಢಿಯಾದ್ದರಿಂದ ‘ಭೇದ ಖಚಿತವಿಲ್ಲ’ ಎಂದು ಕೈಬಿಡಬೇಕಾದೀತು. ಜೋಡಿಯಾಗಿ ಪರೀಕ್ಷಿಸಿದರೆ ಅದೇ ಸಂಭವ ಸಾವಿರಕ್ಕೆ 3ಕ್ಕಿಂತಲೂ ಕಡಿಮೆ! ಒಂದು ಅಂಕಿಯೂ ಬದಲಾಗಿಲ್ಲ. ಕಾರಣವಿಷ್ಟೇ: ಏಳನೆಯವನು ಯಾವ ಔಷಧಿಗೂ ಚೆನ್ನಾಗಿ ನಿದ್ರಿಸುವವನು, ನಾಲ್ಕನೆಯವನು ಯಾವುದಕ್ಕೂ ಜಗ್ಗದವನು. ಮನುಷ್ಯ ಮನುಷ್ಯರ ನಡುವಿನ ಈ ದೊಡ್ಡ ಭೇದದಲ್ಲಿ ಔಷಧಿಯ ಭೇದ ಮುಚ್ಚಿಹೋಗುತ್ತದೆ. ಅವನಿಂದ ಅವನನ್ನೇ ಕಳೆದಾಗ ಅದು ಹೊರಗೆ ಕಾಣುತ್ತದೆ.

ಪಟ್ಟಿಯನ್ನು ಉದ್ದವಾಗಿಯೇ ಇಟ್ಟು, ‘ಮೊದಲ ಹತ್ತರ ಒಂದನೆಯದಕ್ಕೆ ಮುಂದಿನ ಹತ್ತರ ಒಂದನೆಯದು ಜೋಡಿ’ ಎಂದು ಸಾಲಿನ ಸ್ಥಾನವನ್ನು ನಂಬುವ ಕ್ರಮ ಹಿಂದೆ ಇತ್ತು. ಒಂದು ಸಾಲು ಹಿಂದುಮುಂದಾದರೆ ಸಾಕು, ಒಬ್ಬನ ನಿದ್ರೆ ಇನ್ನೊಬ್ಬನ ಲೆಕ್ಕಕ್ಕೆ. ಯಂತ್ರ ಮಾತ್ರ ಚಕಾರವೆತ್ತದೆ ಉತ್ತರ ಕೊಡುತ್ತಿತ್ತು. 2024ರಲ್ಲಿ ಬಂದ ಆರ್‌ನ 4.4.0 ಆವೃತ್ತಿಯಿಂದ ಇಂಥ ಪಟ್ಟಿಗೆ ಸೂತ್ರ ಬರೆದು ‘ಜೋಡಿ’ ಎಂದು ಕೇಳಿದರೆ ಅದು ಒಪ್ಪುವುದಿಲ್ಲ. ಇದು ಒಳ್ಳೆಯದೇ ಆಯಿತೆಂದು ನಮ್ಮ ಅಭಿಪ್ರಾಯ.

ರೀಶೇಪ್ ಸ್ಥಾನವನ್ನು ನೋಡುವುದಿಲ್ಲ, ಗುರುತಿನ ಸಂಖ್ಯೆಯನ್ನು ನೋಡುತ್ತದೆ. ಒಬ್ಬನ ಎರಡನೆಯ ಅಂಕಿ ಇಲ್ಲದಿದ್ದರೆ ಕೆಳಗಿನವನದನ್ನು ಮೇಲಕ್ಕೆ ಎಳೆಯದೆ, ಆ ಮನೆಯಲ್ಲಿ ‘ಇಲ್ಲ’ ಎಂಬ ಗುರುತು ಹಾಕುತ್ತದೆ. ಒಬ್ಬನಿಗೆ ಒಂದೇ ಔಷಧಿಯ ಎರಡು ಸಾಲುಗಳಿದ್ದರೆ ಮೊದಲನೆಯದನ್ನು ಮಾತ್ರ ತೆಗೆದುಕೊಂಡು ಎಚ್ಚರಿಕೆಯ ಸಂದೇಶ ತೋರಿಸುತ್ತದೆ. ಆ ಸಂದೇಶವನ್ನು ಓದದೆ ಮುಂದೆ ಹೋಗುವವರೇ ಹೆಚ್ಚು.

ಗಣಕಯಂತ್ರ ಕೈಗೆ ಸಿಗದ ವಿದ್ಯಾರ್ಥಿಗಳು ಗೆರೆ ಹಾಕಿದ ಕಾಗದದಲ್ಲಿಯೂ ಇದನ್ನು ಮಾಡಿ ನೋಡಬಹುದು. ಹತ್ತು ಗೆಳೆಯರ ಮೊದಲ ಕಿರುಪರೀಕ್ಷೆಯ ಅಂಕಗಳನ್ನು ಒಂದು ಪಟ್ಟಿಯಾಗಿ, ಎರಡನೆಯ ಪರೀಕ್ಷೆಯವನ್ನು ಅದರ ಕೆಳಗೆ ಬರೆದು, ಬಳಿಕ ಹಾಜರಿ ಸಂಖ್ಯೆಯ ಪ್ರಕಾರ ಜೋಡಿಸಿರಿ. ಒಬ್ಬಿಬ್ಬರು ಗೈರುಹಾಜರಾಗಿದ್ದರೆ ಇನ್ನೂ ಒಳ್ಳೆಯದು. ಅವರ ಮನೆಯನ್ನು ಖಾಲಿ ಬಿಡುವುದೂ ಅಭ್ಯಾಸವಾಗುತ್ತದೆ.