ಕಾಗದದ ಮಕ್ಕಳ ವಂಶವೃಕ್ಷ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹತ್ತಿ ಸೀಮೆಯಲ್ಲಿ ಪೇಸ್ ಎಂಬ ಪುಟ್ಟ ಊರಿದೆ. ಕ್ಯಾಲಿಫೋರ್ನಿಯಾದ ಬಾಲ್ಡ್ವಿನ್ ಚಿಯು ತಂದೆಯನ್ನು ಕರೆದುಕೊಂಡು ಆ ಕಡೆಗೆ ಹೋದದ್ದು ಅಜ್ಜನ ಸಮಾಧಿ ಹುಡುಕಲು. ಹೋದಮೇಲೆ ತಿಳಿಯಿತು, ಮುತ್ತಜ್ಜನೂ ಅದೇ ಸೀಮೆಯಲ್ಲಿ ಬಾಳಿದವರು. ಬಾಲ್ಡ್ವಿನ್ ಅವರ ಪತ್ನಿ ಲರಿಸ್ಸಾ ಲ್ಯಾಮ್ ಈ ಹುಡುಕಾಟವನ್ನೇ 2020ರಲ್ಲಿ ‘ಫಾರ್ ಈಸ್ಟ್ ಡೀಪ್ ಸೌತ್’ ಎಂಬ ಸಾಕ್ಷ್ಯಚಿತ್ರವಾಗಿಸಿದರು.

ಚೀನೀಯರು ಆ ಹಳ್ಳಿಗಾಡಿಗೆ ಬಂದದ್ದಾದರೂ ಹೇಗೆ? 1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಜಮೀನ್ದಾರರು ಅಗ್ಗದ ಆಳುಗಳಿಗಾಗಿ ಚೀನಾದತ್ತ ಕಣ್ಣು ಹಾಯಿಸಿದರು. ಬಂದವರಿಗೆ ಹತ್ತಿ ಹೊಲದ ದುಡಿಮೆ ಗಿಟ್ಟಲಿಲ್ಲ. ಹೊಲ ಬಿಟ್ಟು ದಿನಸಿ ಅಂಗಡಿ ಇಟ್ಟರು. ಮುಂದೆ ಅಂಗಡಿ, ಹಿಂದೆ ಸಂಸಾರ. ಗಿರಾಕಿಗಳು ಹೆಚ್ಚಾಗಿ ಪಾಲಿಗೆ ಉಳುತ್ತಿದ್ದ ಕಪ್ಪು ಜನರು.

ಅಂಗಡಿ ಇಡಲು ಕಾನೂನೂ ಒಂದು ಕಾರಣ. 1882ರ ಕಾಯ್ದೆ ಚೀನೀ ಕೂಲಿಗಳನ್ನು ತಡೆಯಿತು, ವ್ಯಾಪಾರಿಗಳನ್ನು ಬಿಟ್ಟಿತು. ವ್ಯಾಪಾರಿ ಅನ್ನಿಸಿಕೊಂಡವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದಿತ್ತು. ಆದರೆ ತಾಯ್ನಾಡಿಗೆ ಹೋಗಿ ಮರಳಬೇಕಾದರೆ, ಈತ ವ್ಯಾಪಾರಿಯೇ ಹೌದೆಂದು ಚೀನೀಯರಲ್ಲದ ಇಬ್ಬರಿಂದ ಸಾಕ್ಷಿ ಹೇಳಿಸಬೇಕು!

ವ್ಯಾಪಾರಿಗಳಲ್ಲದವರಿಗೆ ಬೇರೊಂದು ದಾರಿ ತೆರೆಯಿತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದವು. ‘ನಾನು ಇಲ್ಲೇ ಹುಟ್ಟಿದವನು’ ಎಂದವರನ್ನು ಸುಳ್ಳೆನ್ನಲು ಆಧಾರವಿಲ್ಲ. ಹೀಗೆ ನಾಗರಿಕರಾದವರ ಮಕ್ಕಳೆಂದು ಹೇಳಿಕೊಂಡು, ಹೆಸರು ಕೊಂಡು ಬಂದವರೇ ‘ಕಾಗದದ ಮಕ್ಕಳು’. ಅಧಿಕಾರಿಗಳೇನು ಕಡಿಮೆಯೇ? 1910ರಿಂದ 1940ರವರೆಗೆ, ಬಂದವರನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ಐಲ್ಯಾಂಡ್ ದ್ವೀಪದಲ್ಲಿ ಕೂರಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಮನೆಗೆ ಮೆಟ್ಟಿಲೆಷ್ಟು, ಅಕ್ಕಿಯ ಗುಡಾಣ ಯಾವ ಮೂಲೆಯಲ್ಲಿ, ನೆರೆಮನೆಯವರು ಯಾರು? ‘ಅಪ್ಪ’ ಮತ್ತು ‘ಮಗ’ನ ಉತ್ತರ ತಾಳೆಯಾಗಬೇಕು. ಹಡಗಿನಲ್ಲೇ ಉತ್ತರಗಳನ್ನು ಬಾಯಿಪಾಠ ಮಾಡಿ, ಅವನ್ನು ಬರೆದಿದ್ದ ಪುಸ್ತಕವನ್ನು ಕಡಲಿಗೆ ಎಸೆದವರೂ ಇದ್ದರು.

ಹೊರಗಿಡಲೆಂದು ನಡೆಸಿದ ಈ ತಪಾಸಣೆಯೇ ಇಂದು ಮೊಮ್ಮಕ್ಕಳ ಪಾಲಿನ ನಿಧಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದ ರಾಷ್ಟ್ರೀಯ ದಾಖಲಾಗಾರದಲ್ಲಿ ಅಂಥ ಕಡತಗಳು ಫೋಟೊ, ಹೇಳಿಕೆ, ಹಳ್ಳಿಯ ವಿವರಗಳ ಸಮೇತ ಉಳಿದಿವೆ. ಇನ್ನಾವ ಬಡವನ ಮನೆಯ ಮೆಟ್ಟಿಲನ್ನು ಯಾವ ಸರ್ಕಾರ ಎಣಿಸಿಟ್ಟಿತ್ತು?

ಒಳಗೆ ಬಂದಮೇಲೂ ಬದುಕು ಸಲೀಸಾಗಿರಲಿಲ್ಲ. 1924ರಲ್ಲಿ ಮಿಸಿಸಿಪ್ಪಿಯ ರೋಸ್‌ಡೇಲ್ ಊರಿನ ಬಿಳಿಯರ ಶಾಲೆ, ದಿನಸಿ ಅಂಗಡಿಯ ಗಾಂಗ್ ಲುಮ್ ಅವರ ಮಗಳು ಮಾರ್ಥಾಳನ್ನು ಹೊರಗೆ ಕಳಿಸಿತು. ಅಪ್ಪ ಸುಪ್ರೀಂ ಕೋರ್ಟಿನವರೆಗೆ ಹೋದರು. 1927ರಲ್ಲಿ ಒಬ್ಬ ನ್ಯಾಯಾಧೀಶರೂ ಅವರ ಪರ ನಿಲ್ಲಲಿಲ್ಲ.

1882ರ ಕಾಯ್ದೆ ರದ್ದಾದದ್ದು 1943ರಲ್ಲಿ. ಆಗಲೂ ವರ್ಷಕ್ಕೆ 105 ಜನರಿಗೆ ಮಾತ್ರ ಪ್ರವೇಶ. ಎಷ್ಟೋ ಮನೆಗಳಲ್ಲಿ ಕಾಗದದ ಹೆಸರೇ ಮನೆತನದ ಹೆಸರಾಗಿ ನಿಂತಿತು. ಹಾಗಾಗಿ ಬೇರು ಹುಡುಕುವವರು ಎರಡು ಕಡೆ ನೋಡಬೇಕು. ಕಡತ ಹುಡುಕಲು ಕೊಂಡ ಹೆಸರನ್ನೇ ಕೊಡಬೇಕು. ಹುಟ್ಟಿದ ಹೆಸರು, ಊರು ಬೇಕಾದರೆ ಸಮಾಧಿಯ ಕಲ್ಲಿನ ಮೇಲಿನ ಚೀನೀ ಅಕ್ಷರಗಳನ್ನು ಓದಬಲ್ಲವರನ್ನು ಜೊತೆಗೆ ಕರೆದೊಯ್ಯಬೇಕು.